ಹಸು ಹೊರಡುವುದು ಹಿಂಗಾಲಿನಿಂದ

ಪ್ಯಾಂಟೊಮೈಮ್‌ನ ಹಸುವನ್ನು ಮುಂಗಾಲಿನವರಲ್ಲ, ಹಿಂಗಾಲಿನವರು ನಡೆಸಬೇಕು ಎಂದು ನಾನು ಹೇಳಿದಾಗ ನಮ್ಮ ತಂಡದಲ್ಲಿ ಒಬ್ಬರೂ ಒಪ್ಪಲಿಲ್ಲ. ಪ್ಯಾಂಟೊಮೈಮ್ ಅಥವಾ ಪ್ಯಾಂಟೊ ಎಂದರೆ ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಆಡುವ ಹಾಡು-ಹಾಸ್ಯದ ಮಕ್ಕಳ ನಾಟಕ; ಅದರ ಹಸು ಇಬ್ಬರು ಒಳಹೊಕ್ಕು ನಡೆಸುವ ವೇಷ, ಒಬ್ಬರು ಮುಂಗಾಲು, ಇನ್ನೊಬ್ಬರು ಹಿಂಗಾಲು. ಹಿಂಗಾಲಿನವನಿಗೆ ಎದುರಿಗಿರುವುದೇನೂ ಕಾಣುವುದಿಲ್ಲ, ಅವನು ದಾರಿ ತೋರಿಸುವುದು ಹೇಗೆ ಎಂದು ಕೇಳಿದರು. ತಂಡದ ಉಸ್ತುವಾರಿ ನೋಡಿಕೊಳ್ಳುವ ಹಿರಿಯ ಮಹಿಳೆ, "ಜನ ಹಸುವಿನ ಮುಖ ನೋಡುತ್ತಾರೆ, ಕಾಲನ್ನು ಯಾರೂ ನೋಡುವುದಿಲ್ಲ" ಎಂದು ಮಾತು ಮುಗಿಸಿದರು. ಅಷ್ಟು ಹೊತ್ತಿಗೆ ದುಡ್ಡೂ ಹೋಗಿತ್ತು, ಮಾನವೂ ಹೋಗುವುದರಲ್ಲಿತ್ತು. ಮೂರನೆಯ ವರ್ಷದ ಜನವರಿಯಲ್ಲಿ ನನ್ನ ಹಸು ರಂಗಕ್ಕೆ ಬಂದು ನಾಲ್ಕು ಹೆಜ್ಜೆ ಹಾಕಿತು. ಮುಂದಿನ ಸಾಲಿನ ಮಕ್ಕಳು ಎದ್ದು ನಿಂತರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವೇಷ ಕಟ್ಟುವವರಿಗಾಗಿ ಇದು. ದಬ್ಬೆ ಬಾಗಿಸುವುದು, ಅಂಟು ಕಾಯಿಸುವುದು, ಕಾಗದ ಹಚ್ಚುವುದು ನಿಮಗೆ ಗೊತ್ತೇ ಇರುತ್ತದೆ. ಅದನ್ನು ವಿವರಿಸುವುದಿಲ್ಲ.

ನಾನು ಮಂಡ್ಯದ ಕಡೆಯವನು. ಪಶ್ಚಿಮ ಯಾರ್ಕ್‌ಷೈರ್‌ನ ಒಂದು ಸಣ್ಣ ಊರಿನಲ್ಲಿ ನೆಲೆಸಿ ಹನ್ನೆರಡು ವರ್ಷವಾಯಿತು. ಊರಿನ ಹವ್ಯಾಸಿ ತಂಡಕ್ಕೆ ಮೊದಲು ಹೋಗಿದ್ದು ಪರದೆ ಎಳೆಯಲು. ಇಲ್ಲಿ ದೊಡ್ಡ ರಂಗಮಂದಿರಗಳ ಪ್ಯಾಂಟೊ ಡಿಸೆಂಬರಿನ ಆಸುಪಾಸಿನಲ್ಲಿ ನಡೆಯುತ್ತದೆ. ನಮ್ಮಂಥ ತಂಡಗಳು ಕ್ರಿಸ್‌ಮಸ್ ಗಡಿಬಿಡಿ ಮುಗಿದ ಮೇಲೆ, ಜನವರಿಯ ಕೊನೆಯ ವಾರದಲ್ಲಿ ಆಡುತ್ತೇವೆ. ಐದು ಆಟ, 180 ಕುರ್ಚಿ, ದೊಡ್ಡವರಿಗೆ 9 ಪೌಂಡ್, ಮಕ್ಕಳಿಗೆ 6. ಸಭಾಂಗಣದ ಬಾಡಿಗೆ, ಸಾಹಿತ್ಯದ ಹಕ್ಕಿನ ಶುಲ್ಕ, ದೀಪದ ಬಾಡಿಗೆ ಎಲ್ಲ ಕಳೆದು ವೇಷಭೂಷಣಕ್ಕೆ ಉಳಿಯುವುದು 600 ಪೌಂಡ್ ಆಸುಪಾಸು. ಅದರಲ್ಲಿ ಅರ್ಧವನ್ನು ಡೇಮ್‌ನ ಗೌನುಗಳೇ ನುಂಗುತ್ತವೆ. ಡೇಮ್ ಎಂದರೆ ಗಂಡಸು ಆಡುವ ಹೆಂಗಸಿನ ಪಾತ್ರ; ಪ್ರತಿ ಸಲ ಒಳಗೆ ಹೋಗಿ ಬಂದಾಗಲೂ ಹೊಸ ಗೌನು ತೊಟ್ಟು ಬರಬೇಕು, ಅದು ಸಂಪ್ರದಾಯ.

ಆ ವರ್ಷ ಆರಿಸಿದ ಕಥೆ ಜ್ಯಾಕ್ ಮತ್ತು ಹುರುಳಿಬಳ್ಳಿಯದು. ಬಡ ತಾಯಿ, ಸೋಮಾರಿ ಮಗ, ಒಂದೇ ಒಂದು ಹಸು. ಹಸು ಮಾರಿ ಹಿಡಿಯಷ್ಟು ಹುರುಳಿಕಾಳು ತರುತ್ತಾನೆ, ಅದರಿಂದ ಬಳ್ಳಿ ಬೆಳೆಯುತ್ತದೆ, ಮೇಲೆ ರಾಕ್ಷಸ. ರಾಕ್ಷಸನ ಮೇಲೆ, ಬಳ್ಳಿಯ ಮೇಲೆ ಎಲ್ಲರೂ ದುಡ್ಡು ಸುರಿಯುತ್ತಾರೆ. ಆದರೆ ಈ ಆಟದ ಜೀವ ಇರುವುದು ಹಸು ಮಾರುವ ದೃಶ್ಯದಲ್ಲಿ. ಆ ಹಸುವಿನ ಮೇಲೆ ಮಕ್ಕಳಿಗೆ ಪ್ರೀತಿ ಹುಟ್ಟದಿದ್ದರೆ ಮುಂದಿನ ಎರಡು ಗಂಟೆಯೂ ಬರಿಯ ಗದ್ದಲ. ಇದು ನನ್ನ ಖಚಿತವಾದ ಅಭಿಪ್ರಾಯ, ಇಂದಿಗೂ ಬದಲಾಗಿಲ್ಲ.

ಮೊದಲ ವರ್ಷ ಹಸುವನ್ನು ಬಾಡಿಗೆಗೆ ತಂದರು. ವಾರಕ್ಕೆ 130 ಪೌಂಡ್ ಎಂದು ನೆನಪು, ಮೇಲೆ 100 ಠೇವಣಿ. ಪೆಟ್ಟಿಗೆ ಬಿಚ್ಚಿದಾಗ ಹತ್ತು ವರ್ಷದ ಬೆವರಿನ ವಾಸನೆ ಬಂತು. ತಲೆ ಒಂದೇ ಮೂರೂವರೆ ಕಿಲೋ. ಹಿಂಗಾಲಿನ ಹುಡುಗ ಪೂರ್ತಿ ಬಗ್ಗಿ, ಮುಂದಿನವಳ ಸೊಂಟವನ್ನು ತಬ್ಬಿ ನಡೆಯಬೇಕು. ಏಳು ನಿಮಿಷದ ದೃಶ್ಯ ಮುಗಿಸಿ ಹೊರಗೆ ಬಂದಾಗ ಅವನ ಮುಖ ಬೀಟ್‌ರೂಟಿನಂತೆ ಆಗಿತ್ತು, ನೆಲದ ಮೇಲೆ ಕುಳಿತವನು ಏಳಲಿಲ್ಲ. ಶುಕ್ರವಾರದ ಆಟದಲ್ಲಿ ನಡುವಿನ ಜಿಪ್ ಕಿತ್ತುಹೋಗಿ ಮುಂದಿನ ಅರ್ಧ ಎಡಕ್ಕೆ ಹೋಯಿತು, ಹಿಂದಿನ ಅರ್ಧ ಅಲ್ಲೇ ನಿಂತಿತು. ದೊಡ್ಡವರು ನಕ್ಕರು. ಮುಂದಿನ ಸಾಲಿನಲ್ಲಿ ನಾಲ್ಕು ವರ್ಷದ ಮಗುವೊಂದು ಹೆದರಿ ಕಿರುಚಿತು. ಪಕ್ಕದ ಪರದೆಯ ಹಗ್ಗ ಹಿಡಿದು ನಿಂತಿದ್ದ ನನಗೆ ಆ ಕಿರುಚು ಇನ್ನೂ ಕಿವಿಯಲ್ಲಿದೆ. ಮುಂದಿನ ಹಸುವನ್ನು ನಾನೇ ಕಟ್ಟುತ್ತೇನೆ ಎಂದು ಅಂದೇ ಹೇಳಿದೆ.

ಆ ಆಟಕ್ಕೆ ಒಳ್ಳೆಯ ಗಳಿಕೆ ಬಂದಿತ್ತು, ಒಂದು ವರ್ಷ ಬಿಟ್ಟು ಮತ್ತೆ ಅದನ್ನೇ ಆಡುವುದೆಂದು ತೀರ್ಮಾನವಾಯಿತು. ನನಗೆ ಸಿಕ್ಕಿದ್ದು ಎರಡು ವರ್ಷ.

ಎರಡನೆಯ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಮೊದಲು ಸೋಫಾಕ್ಕೆ ಹಾಕುವ ಸ್ಪಂಜಿನಿಂದ ಮೈ ಮಾಡಿದೆ. ನೋಡಲು ದುಂಡಗೆ ಚೆನ್ನಾಗಿಯೇ ಇತ್ತು. ಇಬ್ಬರು ಒಳಗೆ ಹೊಕ್ಕು ಐದು ನಿಮಿಷಕ್ಕೆ ಒಲೆಯೊಳಗೆ ಕುಳಿತಂತಾಯಿತು ಎಂದರು. ತೂಗಿದರೆ ಒಂಬತ್ತು ಕಿಲೋ. ಬೆವರು ಹೀರಿದ ಮೇಲೆ ಇನ್ನೂ ಹೆಚ್ಚು. ಸ್ಪಂಜು, ಅಂಟು, ಕೃತಕ ತುಪ್ಪಳದ ಬಟ್ಟೆ ಸೇರಿ 115 ಪೌಂಡ್ ನೀರಿಗೆ ಹೋಯಿತು. ಆಮೇಲೆ ವಿದ್ಯುತ್ ತಂತಿ ಎಳೆಯುವ ಪಿವಿಸಿ ಕೊಳವೆಗಳನ್ನು ಬಾಗಿಸಿ ಪಕ್ಕೆಲುಬು ಮಾಡಿದೆ. ಹಗುರವಾಯಿತು, ಆದರೆ ಪ್ರತಿ ಹೆಜ್ಜೆಗೂ ಒಂದಕ್ಕೊಂದು ಬಡಿದು ಟಕಟಕ ಎನ್ನುತ್ತಿತ್ತು. ಹಸು ಬಂದರೆ ಕೋಲಾಟದ ತಂಡ ಬಂದಂತೆ. ಬಟ್ಟೆ ಸುತ್ತಿ ಸದ್ದು ಅಡಗಿಸಿದೆ. ಫೆಬ್ರವರಿಯ ಚಳಿಯಲ್ಲಿ ಗ್ಯಾರೇಜಿನಲ್ಲಿ ತಾಲೀಮು ಮಾಡುವಾಗ ಹಸು ಕುಳಿತುಕೊಂಡಿತು, ಎರಡು ಕೊಳವೆ ಚಟಾರನೆ ಸೀಳಿದವು. ಒಂದು ಚೂರು ಹಿಂಗಾಲಿನವನ ತೋಳನ್ನು ಗೀರಿತು. ಅಲ್ಲಿಗೆ ಅದನ್ನೂ ಬಿಟ್ಟೆ. ಕೊಳವೆಗೆ 30 ಪೌಂಡ್. ಸಮಿತಿಯ ಸಭೆಯಲ್ಲಿ "ಬಾಡಿಗೆಯೇ ಅಗ್ಗವಾಗುತ್ತಿತ್ತು" ಎಂಬ ಮಾತು ಬಂತು. ಲೆಕ್ಕ ಸರಿಯಾಗಿಯೇ ಇತ್ತು, ನಾನು ಉತ್ತರ ಕೊಡಲಿಲ್ಲ.

ದಾರಿ ಸಿಕ್ಕಿದ್ದು ಅವ್ವನಿಂದ. ಮೊದಲ ವರ್ಷದ ಆಟದ ವಿಡಿಯೊವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದೆ. ಅವ್ವ ನಗಲಿಲ್ಲ. "ಇದೇನಪ್ಪಾ, ಒಂಟೆಯ ಹಾಗೆ ನಡೆಯುತ್ತದೆ" ಎಂದಳು. ಹೇಗೆ ಎಂದು ಕೇಳಿದೆ. "ಎರಡು ಎಡಗಾಲೂ ಒಟ್ಟಿಗೆ ಎತ್ತಿದರೆ ಹಸು ಆಗುತ್ತದೆಯೇ? ಹಸು ಹಿಂದಿನಿಂದ ಹೊರಡುತ್ತದೆ. ಹಿಂಗಾಲು ಬಂದು ಮುಂಗಾಲಿನ ಗುರುತಿನ ಮೇಲೆ ಬೀಳುತ್ತದೆ, ಅಷ್ಟರಲ್ಲಿ ಮುಂಗಾಲು ಜಾಗ ಬಿಟ್ಟುಕೊಟ್ಟಿರುತ್ತದೆ. ನೀನು ಎಷ್ಟು ವರ್ಷ ಮೇಯಿಸಿದೆ, ನೋಡಲಿಲ್ಲವೇ?"

ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಊರಾಚೆಯ ಹೊಲದ ಕಲ್ಲುಗೋಡೆಗೆ ಒರಗಿ ನಿಂತು ಒಂದು ಗಂಟೆ ಹಸುಗಳನ್ನೇ ನೋಡಿದೆ. ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ನಾಲ್ಕು ಪೆಟ್ಟು, ನಾಲ್ಕೂ ಬೇರೆ ಬೇರೆ. ಹಿಂದಿನ ಎಡಗಾಲು ಮುಂದಿನ ಎಡಗಾಲನ್ನು ಎಬ್ಬಿಸಿ ಕಳಿಸುತ್ತದೆ. ತಲೆ ಇದಕ್ಕೆಲ್ಲ ಅರ್ಧ ಪೆಟ್ಟು ತಡವಾಗಿ ತೂಗುತ್ತದೆ. ಬಾಯಿಂದ ತಾನೇ ತಾನಾಗಿ ತಕಧಿಮಿ ಬಂತು. ತ ಎಂದರೆ ಹಿಂದಿನ ಎಡ, ಕ ಎಂದರೆ ಮುಂದಿನ ಎಡ, ಧಿ ಹಿಂದಿನ ಬಲ, ಮಿ ಮುಂದಿನ ಬಲ. ಹಿಂದಿನವನು ಹೊರಡಬೇಕು, ಮುಂದಿನವಳು ಹಿಂಬಾಲಿಸಬೇಕು. ಹಸು ಕಟ್ಟುವ ಸಮಸ್ಯೆ ಪೂರ್ತಿ ತಿರುಗಿ ನಿಂತಿತು. ಅದುವರೆಗೆ ನಾನು ತಲೆಯಿಂದ ಶುರು ಮಾಡಿ ಹಿಂದಕ್ಕೆ ಕಟ್ಟುತ್ತಿದ್ದೆ. ಈಗ ಹಿಂಗಾಲಿನವನಿಂದ ಶುರು ಮಾಡಿದೆ.

ಅವನಿಗೆ ಏನು ಬೇಕು? ಉಸಿರಾಡಲು ಗಾಳಿ, ನೆಲ ಕಾಣಲು ಕಿಂಡಿ, ಬೆನ್ನಿನ ಮೇಲೆ ಭಾರ ಇಲ್ಲದಿರುವುದು. ನಮ್ಮ ದೊಡ್ಡಪ್ಪ ಜಾತ್ರೆಗೆ ಕೀಲುಕುದುರೆ ಕಟ್ಟುತ್ತಿದ್ದರು. ಬಿದಿರಿನ ದಬ್ಬೆಯ ಚೌಕಟ್ಟು, ಮೇಲೆ ಬಟ್ಟೆ, ಕುದುರೆಯ ಭಾರವೆಲ್ಲ ಕುಣಿಯುವವನ ದೇಹದ ಮೇಲೆ ಹಂಚಿರುತ್ತದೆ. ನಂದಿಧ್ವಜ ಹೊರುವವರನ್ನು ನೋಡಿದ್ದೀರಲ್ಲ, ಅಷ್ಟುದ್ದದ ಕಂಬ ನಿಲ್ಲುವುದು ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ. ಹೆಗಲು ಸೋಲುತ್ತದೆ, ಸೊಂಟ ಸೋಲುವುದಿಲ್ಲ. ಆದ್ದರಿಂದ ಎರಡು ಸೊಂಟಪಟ್ಟಿ ಹೊಲಿದೆ. ಹಳೆಯ ಹತ್ತಿ ಪಂಚೆಯನ್ನು ಎಂಟು ಮಡಿಕೆ ಮಾಡಿ, ಮೇಲೆ ಸೀಟುಬೆಲ್ಟಿನಂಥ ಪಟ್ಟಿ ಹೊಲಿದಿದ್ದು. ಮುಂದಿನವಳ ಪಟ್ಟಿಯ ಹಿಂಭಾಗದಲ್ಲಿ ಎರಡು ಬಟ್ಟೆಯ ಹಿಡಿಕೆ. ಹಿಂದಿನವನು ಅವಳನ್ನು ತಬ್ಬಬೇಕಾಗಿಲ್ಲ, ಹಿಡಿಕೆ ಹಿಡಿದರೆ ಸಾಕು. ಅವಳ ಸೊಂಟ ತಿರುಗಿದ್ದು ಅವನ ಕೈಗೆ ಕೂಡಲೇ ಗೊತ್ತಾಗುತ್ತದೆ. ನಿಲ್ಲಬೇಕಾದರೆ ಅವಳು ಹಿಮ್ಮಡಿಯನ್ನು ಎರಡು ಸಲ ತಟ್ಟುತ್ತಾಳೆ. ದಾರಿ ಅವಳದು, ಹೆಜ್ಜೆ ಅವನದು. ಕಣ್ಣು ಕಾಣದವನು ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಇಲ್ಲಿ ಬಿದಿರಿನ ಒಳ್ಳೆಯ ದಬ್ಬೆ ಸಿಗುವುದಿಲ್ಲ, ತೋಟಕ್ಕೆ ಮಾರುವ ಕೋಲುಗಳು ಬಾಗಿಸಿದರೆ ಸಿಡಿಯುತ್ತವೆ. ಬುಟ್ಟಿ ಹೆಣೆಯುವವರಿಗೆ ಮಾರುವ ಬೆತ್ತ ತರಿಸಿದೆ. 8 ಮಿಲಿಮೀಟರ್ ದಪ್ಪ, ಎರಡು ಕಟ್ಟು, 38 ಪೌಂಡ್. ರಾತ್ರಿಯಿಡೀ ಸ್ನಾನದ ತೊಟ್ಟಿಯಲ್ಲಿ ಬೆಚ್ಚನೆಯ ನೀರಿನಲ್ಲಿ ಅದ್ದಿಟ್ಟು, ಬೆಳಿಗ್ಗೆ ಮಣೆಗೆ ಮೊಳೆ ಹೊಡೆದು ಅದರ ಸುತ್ತ ಬಾಗಿಸಿ, ಎರಡು ದಿನ ಒಣಗಲು ಬಿಟ್ಟೆ. ಐದು ಕಮಾನು. ಯಾವುದನ್ನೂ ಪೂರ್ತಿ ಬಳೆ ಮಾಡಲಿಲ್ಲ, ಕುದುರೆಯ ಲಾಳದಂತೆ ಕೆಳಗೆ ತೆರೆದೇ ಇಟ್ಟೆ. ಎದೆ ಕಟ್ಟಿದರೆ ಹಿಂಗಾಲಿನವನು ಕುಕ್ಕರಿಸಿ ಕೆಳಗಿನಿಂದ ಹೊರಗೆ ಜಾರಿಕೊಳ್ಳಬಹುದು, ಮೂರು ಸೆಕೆಂಡು ಸಾಕು. ಇದನ್ನು ಮಾತ್ರ ದಯವಿಟ್ಟು ಯಾರೂ ಬದಲಾಯಿಸಬೇಡಿ. ಚೆಂದಕ್ಕಾಗಿ ಹೊಟ್ಟೆ ಮುಚ್ಚುವ ಆಸೆ ನನಗೂ ಬಂದಿತ್ತು.

ಕಮಾನುಗಳನ್ನು ಕಡ್ಡಿಯಿಂದ ಜೋಡಿಸಬಾರದು. ಬೆನ್ನೆಲುಬಿನ ಜಾಗದಲ್ಲಿ ಮೂರು ಬಟ್ಟೆಯ ಪಟ್ಟಿ ಎಳೆದು, ಮೇಣ ಸವರಿದ ದಾರದಿಂದ ಪ್ರತಿ ಕಮಾನನ್ನೂ ಕಟ್ಟಿದೆ. ಅಂಟು ಎಲ್ಲೂ ಇಲ್ಲ. ಇದರಿಂದ ಹಸು ತಿರುಗುವಾಗ ಒಂದು ಬದಿ ಕುಗ್ಗಿ ಇನ್ನೊಂದು ಬದಿ ಹಿಗ್ಗುತ್ತದೆ, ನಿಜವಾದ ಹೊಟ್ಟೆಯಂತೆ. ಕಮಾನುಗಳ ನಡುವಿನ ಅಂತರ ಒಂದೇ ಸಮ ಇರಬಾರದು ಎಂಬಷ್ಟನ್ನು ಹೇಳುತ್ತೇನೆ. ಮೂರನೆಯ ಮತ್ತು ನಾಲ್ಕನೆಯದರ ನಡುವೆ ಎಷ್ಟು ಬಿಡಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೊಂದು ಸಲ ಬಿಚ್ಚಿ ಕಟ್ಟಿ ಕಂಡುಕೊಂಡಿದ್ದು ಅದು. ಕುತ್ತಿಗೆಯ ಗಂಟಿನ ವಿಷಯವೂ ಹಾಗೆಯೇ. ತಲೆ ಅರ್ಧ ಪೆಟ್ಟು ತಡವಾಗಿ ತೂಗುವುದು ಆ ಗಂಟಿನಿಂದ.

ಮೈಗೆ ತುಪ್ಪಳದ ಬಟ್ಟೆ ಬೇಡವೆಂದು ಮೊದಲ ಸೋಲೇ ಕಲಿಸಿತ್ತು. ಹಳೆಯ ಬಟ್ಟೆ ಮಾರುವ ಧರ್ಮಾರ್ಥದ ಅಂಗಡಿಗಳನ್ನು ಸುತ್ತಿ ನಾಲ್ಕು ಉಣ್ಣೆಯ ಹೊದಿಕೆ ತಂದೆ, ಒಂದೊಂದಕ್ಕೆ 5 ಪೌಂಡ್. ಕಂದು ಮಚ್ಚೆಗಳನ್ನು ಹೊಲಿಯದೆ ಬಣ್ಣ ಅದ್ದಿ ಮಾಡಿದೆ. ಹೊಟ್ಟೆಯ ಕೆಳಗೆ ಮತ್ತು ಕತ್ತಿನ ತೊಗಲು ಇಳಿಯುವ ಕಡೆ ಸೊಳ್ಳೆಪರದೆಯ ಬಟ್ಟೆ. ಹೊರಗಿನಿಂದ ನೆರಳಿನಂತೆ ಕಾಣುತ್ತದೆ, ಒಳಗೆ ಗಾಳಿ ಆಡುತ್ತದೆ, ಹಿಂಗಾಲಿನವನಿಗೆ ನೆಲವೂ ಮುಂದಿನವಳ ಹಿಮ್ಮಡಿಯೂ ಕಾಣುತ್ತವೆ.

ತಲೆಯಲ್ಲಿ ಮತ್ತೆ ಎಡವಿದೆ. ಬೆತ್ತದ ಗೂಡಿನ ಮೇಲೆ ಮೈದಾ ಅಂಟಿನಲ್ಲಿ ಪತ್ರಿಕೆಯ ಚೂರು, ಆರು ಪದರ. ನಮ್ಮೂರಿನ ಬಿಸಿಲಿಗೆ ಎರಡು ದಿನದ ಕೆಲಸ. ಇಲ್ಲಿನ ನವೆಂಬರಿನಲ್ಲಿ ಹತ್ತು ದಿನವಾದರೂ ಒಣಗಲಿಲ್ಲ, ಹನ್ನೊಂದನೆಯ ದಿನ ಒಳಗೆ ಹಸಿರು ಬೂಸ್ಟು. ನಮ್ಮ ಕಡೆ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಮಕ್ಕಳು ಮುಟ್ಟಿ ಮುದ್ದಿಸುವ ವಸ್ತು, ವಿಷ ಬೇಡವೆಂದು ಬಿಟ್ಟೆ. ಆ ತಲೆಯನ್ನು ಎಸೆದು ಎರಡನೆಯದನ್ನು ಮರಗೆಲಸದ ಬಿಳಿ ಅಂಟಿನಲ್ಲಿ ಮಾಡಿದೆ, ಮೂರೇ ಪದರ. ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನಲ್ಲಿ ಒಂದೊಂದು ಪದರವನ್ನೂ ಬೇರೆಯಾಗಿ ಒಣಗಿಸಿದೆ. ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಇಡೀ ಹಸು ನಾಲ್ಕೂವರೆ ಕಿಲೋ.

ಕಣ್ಣಿನ ರೆಪ್ಪೆ ಮುಚ್ಚಿ ತೆರೆಯಲೇಬೇಕು. 1900ರ ಕ್ರಿಸ್‌ಮಸ್‌ನಲ್ಲಿ ಲಂಡನ್ ಹಿಪ್ಪೊಡ್ರೋಮ್‌ನ ಸಿಂಡರೆಲ್ಲಾದಲ್ಲಿ ಬೆಕ್ಕಿನ ವೇಷ ಹಾಕಿದ ಹನ್ನೊಂದು ವರ್ಷದ ಹುಡುಗನೊಬ್ಬ ದಾರ ಎಳೆದು ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿ ನಗಿಸಿದ್ದ. ಆ ಹುಡುಗ ಚಾರ್ಲಿ ಚಾಪ್ಲಿನ್. ಒಂದು ದಾರದಿಂದ ಅಷ್ಟು ಕೆಲಸವಾಗುತ್ತದೆ. ನಾನು ಮೊದಲು ಸೈಕಲ್ಲಿನ ಬ್ರೇಕಿನ ತಂತಿ ಹಾಕಿ ನೋಡಿದೆ. ರೆಪ್ಪೆ ಚೆನ್ನಾಗಿ ಮುಚ್ಚಿತು, ಆದರೆ ಕಿರ್ ಎಂಬ ಸದ್ದು ಮೂರನೆಯ ಸಾಲಿನವರೆಗೆ ಕೇಳಿಸಿತು. ಗಾಳದ ನೈಲಾನ್ ದಾರವನ್ನು ಪಾನೀಯದ ಸ್ಟ್ರಾ ಒಳಗೆ ಹಾಯಿಸಿದ ಮೇಲೆ ಸದ್ದಡಗಿತು. ಬಲಗೈಗೆ ರೆಪ್ಪೆ, ಎಡಗೈಗೆ ಕಿವಿ. ಒಂದು ಕಿವಿ ಮಾತ್ರ ಆಡುವಂತೆ ಮಾಡಿದೆ. ಎರಡೂ ಆಡಿದರೆ ಯಂತ್ರದಂತೆ ಕಾಣುತ್ತದೆ, ಒಂದು ಆಡಿದರೆ ನೊಣ ಕೂತಂತೆ.

ಈ ನಡುವೆ ಹಾಲಿನ ಹುಚ್ಚು ಹಿಡಿಯಿತು. ಡೇಮ್ ಬಕೆಟ್ ಹಿಡಿದು ಹಾಲು ಕರೆಯುವ ದೃಶ್ಯ ಇದ್ದೇ ಇರುತ್ತದೆ. ನಿಜವಾಗಿಯೇ ಹಾಲು ಬರಿಸಿದರೆ ಹೇಗೆ ಎಂದು ಸಪೂರ ಪ್ಲಾಸ್ಟಿಕ್ ನಳಿಕೆ, ಚೀಲ, ಜೋಳದ ಹಿಟ್ಟು ಕದಡಿದ ನೀರು ಹೊಂದಿಸಿದೆ. ಬಕೆಟ್ಟಿಗೆ ಚುರ್ ಚುರ್ ಎಂದು ಬಿದ್ದಾಗ ನನಗೇ ರೋಮಾಂಚನವಾಯಿತು. ಎರಡನೆಯ ತಾಲೀಮಿನಲ್ಲಿ ನಳಿಕೆ ಕಳಚಿ ಒಂದೂವರೆ ಲೀಟರ್ ರಂಗದ ಮೇಲೆ ಹರಿಯಿತು. ರಂಗ ನಿರ್ವಾಹಕಿ ಅದೇ ಕ್ಷಣ ನಿಲ್ಲಿಸಿದರು. ಆಮೇಲೆ ಕೆಚ್ಚಲಿನಿಂದ ಬಿಳಿ ರಿಬ್ಬನ್ ಎಳೆದೆವು, ಎಳೆದಷ್ಟೂ ಬರುವಂತೆ, ಹನ್ನೆರಡು ಮೀಟರ್. ಮಕ್ಕಳಿಗೆ ಅದೇ ಹೆಚ್ಚು ಹಿಡಿಸಿತು. ಖರ್ಚು 3 ಪೌಂಡ್.

ನೆಲ ಒದ್ದೆಯಾಗುವ ಮಾತು ಬಂದಿದ್ದರಿಂದ ನೊರೆಯ ದೃಶ್ಯದ ಬಗ್ಗೆಯೂ ಎರಡು ಮಾತು; ನಗಿಸಲು ಪಾತ್ರಗಳು ಒಬ್ಬರಿಗೊಬ್ಬರು ನೊರೆ ಮೆತ್ತುವ ದೃಶ್ಯ ಅದು. ಆ ವರ್ಷ ಅದೂ ನನ್ನ ಪಾಲಿಗೆ ಬಂತು. ಡಬ್ಬಿಯಿಂದ ಬುಸ್ಸೆನ್ನುವ ಕ್ಷೌರದ ನೊರೆ ದೀಪದ ಶಾಖಕ್ಕೆ ಹತ್ತು ನಿಮಿಷದಲ್ಲಿ ಇಳಿದುಹೋಗುತ್ತದೆ. ಹಳಬರ ವಿಧಾನವೇ ಸರಿ: ಕ್ಷೌರದ ಸೋಪನ್ನು ತುರಿಯುವ ಮಣೆಯಲ್ಲಿ ತುರಿದು, ಬಿಸಿನೀರಿನಲ್ಲಿ ಕರಗಿಸಿ, ಡ್ರಿಲ್ ಯಂತ್ರಕ್ಕೆ ಬಣ್ಣ ಕದಡುವ ಕಡ್ಡಿ ಸಿಕ್ಕಿಸಿ ಕಡೆಯುವುದು. ಬಕೆಟ್ಟಿಗೆ ಏಳೆಂಟು ಸೋಪು ಹಿಡಿಯಿತು. ಬೆಣ್ಣೆಯಂತೆ ಗಟ್ಟಿಯಾಗಿ ಮುಕ್ಕಾಲು ಗಂಟೆ ನಿಂತಿತು. ಹಸು ಬರುವ ದೃಶ್ಯಕ್ಕೂ ನೊರೆಯ ದೃಶ್ಯಕ್ಕೂ ನಡುವೆ ಮಧ್ಯಂತರ ಇರಲೇಬೇಕು, ಇಲ್ಲದಿದ್ದರೆ ನಾಲ್ಕು ಕಾಲಿಗೂ ಅಪಾಯ.

ತಾಲೀಮು ಹತ್ತು ವಾರ, ವಾರಕ್ಕೆ ಎರಡು ಸಂಜೆ. ಮುಂಗಾಲು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಹಿಂಗಾಲು ಅಂಚೆ ಹಂಚುವ ಹುಡುಗ. ಮೊದಲ ಮೂರು ವಾರ ವೇಷ ಕೊಡಲೇ ಇಲ್ಲ. ಸೊಂಟಪಟ್ಟಿ ಕಟ್ಟಿಸಿ, ಬರಿಯ ತಕಧಿಮಿ. ಅವರಿಗೆ ಮೊದಲು ಧಿ ಹೊರಳುತ್ತಿರಲಿಲ್ಲ, ಎರಡನೆಯ ವಾರಕ್ಕೆ ಹಿಂಗಾಲಿನವನು ಅಂಚೆ ಹಂಚುವಾಗಲೂ ಅದೇ ತಾಳದಲ್ಲಿ ಮೆಟ್ಟಿಲು ಹತ್ತುತ್ತಿದ್ದೇನೆ ಎಂದ. ಅವನಿಗೆ ಹೇಳಿಕೊಟ್ಟಿದ್ದು ಒಂದೇ: ನೀನು ಹೊರಡದೆ ಹಸು ಹೊರಡುವುದಿಲ್ಲ. ಅದುವರೆಗೆ ಹಿಂಗಾಲು ಎಂದರೆ ಎಲ್ಲರೂ ಬೇಡವೆನ್ನುವ ಪಾತ್ರ. ಆ ಮಾತು ಕೇಳಿದ ಮೇಲೆ ಹುಡುಗನ ಬೆನ್ನು ನೆಟ್ಟಗಾಯಿತು. ನೆಲದ ಮೇಲೆ ಮಬ್ಬು ನೀಲಿ ಪಟ್ಟಿಯ ಗುರುತು ಅಂಟಿಸಿದೆ, ಸೊಳ್ಳೆಪರದೆಯ ಮೂಲಕ ಅವನೊಬ್ಬನಿಗೆ ಕಾಣುವಷ್ಟು.

ಗಟ್ಟಿ ವಿರೋಧ ಬಂದಿದ್ದು ಡೇಮ್ ಆಡುವವರಿಂದ. ವೃತ್ತಿಯಲ್ಲಿ ನಲ್ಲಿ ರಿಪೇರಿಯವರು, ಹದಿನಾಲ್ಕು ವರ್ಷದಿಂದ ಡೇಮ್. ತಾಲೀಮಿನ ನಡುವೆ ನನ್ನನ್ನು ಪಕ್ಕಕ್ಕೆ ಕರೆದರು. "ಇದು ತೀರಾ ಹಸುವಾಗಿಬಿಟ್ಟಿದೆ. ಒಳಗೆ ಇಬ್ಬರಿದ್ದಾರೆ ಎಂಬುದು ಕಾಣಬೇಕು, ಅದೇ ನಗು" ಎಂದರು. ಮೊದಲು ಸಿಟ್ಟು ಬಂತು. ಬ್ರ್ಯಾಡ್‌ಫರ್ಡ್‌ನ ಅಲ್‌ಹಾಂಬ್ರಾದಲ್ಲಿ ವೃತ್ತಿಪರರ ಪ್ಯಾಂಟೊ ನೋಡಿ ಬಂದ ಮೇಲೆ ಅವರ ಮಾತು ಅರ್ಥವಾಯಿತು. ಈ ಆಟದಲ್ಲಿ ಯಾರೂ ಏನನ್ನೂ ಮುಚ್ಚಿಡುವುದಿಲ್ಲ. ಡೇಮ್ ಗಂಡಸು ಎಂದು ಎಲ್ಲರಿಗೂ ಗೊತ್ತು. ಜ್ಯಾಕ್ ಆಗಿ ತೊಡೆ ತಟ್ಟಿ ನಿಲ್ಲುವುದು ಹುಡುಗಿ, ಅದೂ ಗೊತ್ತು. ಗೊತ್ತಿದ್ದೇ ನಂಬುತ್ತಾರೆ. ಆದ್ದರಿಂದ ಕಾಲುಗಳನ್ನು ಮನುಷ್ಯರ ಕಾಲುಗಳಾಗಿಯೇ ಉಳಿಸಿದೆ. ಮೊಣಕಾಲಿನಲ್ಲಿ ಸುಕ್ಕು ಬಿದ್ದ ಷರಾಯಿ, ಒಂದು ಕಾಲಿನ ಕಾಲುಚೀಲ ಜಾರಿರಬೇಕು. ಹಸು ಕುಳಿತಾಗ ಹಿಂಗಾಲುಗಳು ಒಂದರ ಮೇಲೊಂದು ಹಾಕಿಕೊಂಡವು, ನಗು ಅಲ್ಲಿ. ನಡಿಗೆ ಮಾತ್ರ ಹಸುವಿನದೇ. ಹೀಗೆ ಇಬ್ಬರ ಮಾತೂ ನಿಂತಿತು. ಆ ಡೇಮ್‌ನಿಂದ ನಾನು ಕಲಿತದ್ದು ಬಹಳ.

ಇಲ್ಲಿ ಇನ್ನೊಂದು ನಿಯಮವಿದೆ. ನಟನ ಬಲದಿಂದ ಒಳ್ಳೆಯ ದೇವತೆ ಬರುತ್ತಾಳೆ, ಎಡದಿಂದ ಖಳ. ನಮ್ಮ ಆಟದಲ್ಲಿ ಹಸುವನ್ನು ಕೊಳ್ಳುವವನು ರಾಕ್ಷಸನ ಆಳು, ಆದ್ದರಿಂದ ಹಸು ಎಡಕ್ಕೇ ಹೋಗಬೇಕು. ನಾಲ್ಕು ವರ್ಷದ ಮಗುವಿಗೂ ಆ ಬದಿ ಕೆಟ್ಟದ್ದೆಂದು ಆಗಲೇ ಗೊತ್ತಾಗಿರುತ್ತದೆ. ಜೊತೆಗೆ ಈ ಜನರ ಒಂದು ನಂಬಿಕೆ: ಆಟದ ಕೊನೆಯ ಎರಡು ಪ್ರಾಸದ ಸಾಲುಗಳನ್ನು ಮೊದಲ ಪ್ರದರ್ಶನದವರೆಗೆ ಯಾರೂ ಬಾಯಿಬಿಟ್ಟು ಹೇಳಬಾರದು, ತಾಲೀಮಿನಲ್ಲೂ. ನನಗೆ ಇದು ಬಹಳ ಇಷ್ಟವಾಯಿತು. ಹಸುವಿಗೂ ಅಂಥದ್ದೊಂದನ್ನು ಎತ್ತಿಟ್ಟೆ. ಹಸುವಿನೊಳಗಿನ ಇಬ್ಬರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ.

ಮೊದಲ ಆಟ, ಬುಧವಾರ ಸಂಜೆ. ಜ್ಯಾಕ್ ಹಗ್ಗ ಕೊಟ್ಟ, ಆಳು ಎಳೆದ. ಹಸು ಎಡಕ್ಕೆ ನಾಲ್ಕು ಹೆಜ್ಜೆ ಹಾಕಿ ನಿಂತಿತು. ಪರದೆಯ ಪಕ್ಕದಲ್ಲಿ ನನಗೆ ಒಳಗಿನ ಪಿಸುಮಾತು ಕೇಳಿಸುತ್ತಿತ್ತು, ತ, ಕ, ಧಿ, ಮಿ. ಆಮೇಲೆ ಪಿಸುಮಾತು ನಿಂತಿತು. ಹಿಂಗಾಲುಗಳು ನೆಲದಲ್ಲಿ ಊರಿದ್ದಂತೆಯೇ ಮುಂಭಾಗ ಮಾತ್ರ ನಿಧಾನವಾಗಿ ಹಿಂದಕ್ಕೆ ತಿರುಗಿತು. ಬೆತ್ತದ ಹೊಟ್ಟೆ ಒಂದು ಬದಿಗೆ ಕುಗ್ಗಿತು. ತಲೆ ಜ್ಯಾಕ್ ಕಡೆಗೆ ಬಂದು ನಿಂತಿತು, ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು, ಕಿವಿ ಆಡಿತು. ತಾಲೀಮಿನಲ್ಲಿ ಇಲ್ಲದ ನೋಟ ಅದು. ಜ್ಯಾಕ್ ಆಗಿದ್ದ ಹುಡುಗಿಗೆ ಮಾತು ಮರೆತುಹೋಯಿತು, ಕಣ್ಣು ತುಂಬಿತ್ತು. ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ಮೂರನೆಯ ಸಾಲಿನಿಂದ ಒಂದು ಮಗು, "ಮಾರಬೇಡ!" ಎಂದು ಕೂಗಿತು. ಕೂಡಲೇ ಎಲ್ಲ ಮಕ್ಕಳೂ ಕೂಗಿದರು. ಯಾರೂ ಹೇಳಿಕೊಟ್ಟ ಕೂಗಲ್ಲ, ಹಾಳೆಯಲ್ಲಿ ಬರೆದದ್ದೂ ಅಲ್ಲ. ಉಸ್ತುವಾರಿಯ ಹಿರಿಯರು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ನೋಡುತ್ತಿದ್ದುದು ಹಸುವಿನ ಕಾಲುಗಳನ್ನು.

ಕೊನೆಯಲ್ಲಿ ಎಲ್ಲ ಪಾತ್ರಗಳೂ ಹೊಸ ಉಡುಪಿನಲ್ಲಿ ಮೆಟ್ಟಿಲಿಳಿದು ಬಂದು ನಮಸ್ಕರಿಸುತ್ತವೆ. ಅದಕ್ಕೆ ಮೊದಲು ಹಾಡಿನ ಸಾಲು ಬರೆದ ಪರದೆ ಇಳಿಸಿ ಪ್ರೇಕ್ಷಕರಿಂದ ಹಾಡಿಸುತ್ತಾರೆ. ಹಿಂದೆ ಉಡುಪು ಬದಲಿಸಲು ಸಿಗುವ ಸಮಯ ಅದು, ಆರೇಳು ನಿಮಿಷ. ಜನವರಿ ತಿಂಗಳು, ಊರಿನಲ್ಲಿ ಸಂಕ್ರಾಂತಿ ಮುಗಿದು ಹತ್ತೇ ದಿನ. ಹಸುವಿಗೆ ಕಾಗದದ ಚೆಂಡುಹೂವಿನ ಹಾರ ಹಾಕಿದೆ, ಕೊಂಬಿಗೆ ಬಣ್ಣದ ತೋಳು ತೊಡಿಸಿ ತುದಿಗೆ ಹಿತ್ತಾಳೆಯ ಬಣ್ಣದ ಅಣಸು, ಕೊರಳಿಗೆ ಗೆಜ್ಜೆ. ಗೆಜ್ಜೆ ಮಾತ್ರ ಅಸಲಿ, ಅವ್ವ ಕಳಿಸಿದ್ದು. ಹಸು ಬಂದಾಗ ಎದ್ದ ಚಪ್ಪಾಳೆ ಡೇಮ್‌ಗೆ ಬಿದ್ದದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಇದನ್ನು ಡೇಮ್ ಅವರೇ ಹೇಳಿದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಬೆತ್ತ 38, ಹೊದಿಕೆ 20, ಪಟ್ಟಿ, ದಾರ, ಬಣ್ಣ, ಅಂಟು, ಸೊಳ್ಳೆಪರದೆ ಸೇರಿ ಇನ್ನೊಂದು 50, ಹಾಳಾದ ತಲೆಗೆ 12. ಒಟ್ಟು 120 ಪೌಂಡ್. ಹಿಂದಿನ ವರ್ಷ ಕಳೆದುಕೊಂಡ 145 ಸೇರಿಸಿದರೆ 265. ಆ ಮೇಲೆ ಸುತ್ತಲಿನ ತಂಡಗಳು ಕೇಳಿಕೊಂಡು ಬಂದವು. ವಾರಕ್ಕೆ 80ರಂತೆ ನಾಲ್ಕು ಸಲ ಕೊಟ್ಟಿದ್ದೇವೆ, ಹಾಕಿದ ದುಡ್ಡು ಪೂರ್ತಿ ಬಂದು ಸ್ವಲ್ಪ ಉಳಿದಿದೆ. ಬಾಡಿಗೆಯೇ ಅಗ್ಗ ಎಂದಿದ್ದ ಸಮಿತಿಯ ವರದಿಯಲ್ಲಿ ಈಗ ಹಸು ಆದಾಯದ ಪಟ್ಟಿಯಲ್ಲಿದೆ. ಯಾರು ಒಯ್ದರೂ ಹಿಂಗಾಲಿನವರನ್ನು ಮೊದಲು ನನ್ನ ಗ್ಯಾರೇಜಿಗೆ ಕಳಿಸಬೇಕು, ಒಂದು ಸಂಜೆ ತಕಧಿಮಿ ಕಲಿಯಬೇಕು ಎಂಬುದು ನನ್ನ ಷರತ್ತು. ಒಂದು ತಂಡ ಹಾಗೆ ಮಾಡದೆ ಒಯ್ದು ಮೂರನೆಯ ಕಮಾನು ಮುರಿದು ತಂದಿತು. ಹೊಸ ಬೆತ್ತ ಮೇಲಿನ ತೊಟ್ಟಿಯಲ್ಲಿ ನೆನೆಯುತ್ತಿದೆ, ನಾಳೆ ಬೆಳಿಗ್ಗೆ ಬಾಗಿಸಬೇಕು.